ಅತ್ತೆಯ ಹೆಸರಲ್ಲಿ ಹಿಡಿದ ಕೋಣೆ

ಹಿಲ್ಸ್‌ಬರೋದ ಕನ್ನಡದ ಮನೆಗಳಲ್ಲಿ ಯಾರಿಗೆ ಏನು ಬರೆಸಬೇಕಾದರೂ ಮೊದಲು ನೆನಪಾಗುತ್ತಿದ್ದವಳು ಕಲಾ. ಟೌನ್‌ಶಿಪ್ ಕಚೇರಿಗೆ ಕೊಡುವ ದೂರು, ಇನ್ಶೂರೆನ್ಸ್‌ನವರು ಕ್ಲೇಮ್ ತಳ್ಳಿಹಾಕಿದಾಗ ಹಾಕುವ ಅಪೀಲು, ಮಗುವನ್ನು ಮೇಲಿನ ಗಣಿತದ ತರಗತಿಗೆ ಸೇರಿಸಿಕೊಳ್ಳಿ ಎಂದು ಸ್ಕೂಲಿಗೆ ಬರೆಯುವ ಕೋರಿಕೆ, ಎಲ್ಲಕ್ಕೂ ಅವಳೇ ಬೇಕು. ತುಮಕೂರಿನಲ್ಲಿ ಅವಳ ತಂದೆ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬರೆಯಲು ಬಾರದವರು ಕೌಂಟರಿನ ಮುಂದೆ ನಿಂತು ಹೇಳಿದ್ದನ್ನು ಕಾರ್ಡಿನ ಮೇಲೆ ದುಂಡಗೆ ಬರೆದುಕೊಡುತ್ತಿದ್ದರು. ಆ ಕೈಗುಣ ಮಗಳಿಗೂ ಬಂದಿತ್ತು. ಔಷಧ ಕಂಪನಿಯೊಂದರಲ್ಲಿ ಅವಳ ಕೆಲಸವೂ ಹೆಚ್ಚುಕಡಿಮೆ ಅದೇ ಜಾತಿಯದು: ಲ್ಯಾಬಿನವರು ಮಾಡಿದ ಪರೀಕ್ಷೆಗಳ ವರದಿಯನ್ನು ತಿದ್ದಿ, ಓದುವ ಹಾಗೆ ಮಾಡುವುದು. ಒಂದು ದಶಮಾಂಶ ಚುಕ್ಕಿ ಆಚೀಚೆಯಾದರೂ ವಾಪಸ್ಸು ಕಳಿಸುವವಳೆಂದು ಹೆಸರು ಪಡೆದಿದ್ದಳು.

ಅಂಥವಳು ಕಳೆದ ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮುಂದೆ ಕೂತು ನಾಲ್ಕು ಸಾಲಿನ ಒಂದು ಸುಳ್ಳು ಬರೆದಳು.

ಸ್ಕೀ ಮಾಡುವ ಹುಚ್ಚು ಅವಳಿಗೆ ಹತ್ತಿದ್ದು ನಲವತ್ತು ದಾಟಿದ ಮೇಲೆ. ಮಗಳು ಸಿರಿ ಸ್ಕೂಲಿನ ಸ್ಕೀ ಕ್ಲಬ್ಬಿಗೆ ಸೇರಿದಾಗ, ಬಸ್ಸಿನಲ್ಲಿ ಮಕ್ಕಳ ಜೊತೆ ಹೋಗಲು ಪೋಷಕರು ಬೇಕೆಂದು ಕರೆ ಬಂತು. ಕಲಾ ಒಪ್ಪಿಕೊಂಡಳು. ಪೆನ್ಸಿಲ್ವೇನಿಯಾದ ಒಂದು ಸಣ್ಣ ಗುಡ್ಡ. ಮೊದಲ ದಿನ ಹನ್ನೊಂದು ಸಲ ಬಿದ್ದಳು. ಹನ್ನೆರಡನೇ ಸಲ ಬೀಳಲಿಲ್ಲ. ಇಳಿಜಾರಿನ ಕೊನೆಯವರೆಗೆ ಜಾರಿ ಬಂದು, ಯಾರೂ ತನ್ನನ್ನು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಬ್ಬಳೇ ನಕ್ಕಳು. ಅಲ್ಲಿಂದ ಮುಂದೆ ಚಳಿಗಾಲ ಬರಲಿ ಎಂದು ಕಾಯುವ, ಊರಿನವರಲ್ಲಿ ಅಪರೂಪದ, ಹೆಂಗಸಾದಳು ಅವಳು. ಗಂಡ ಬದರಿಯೂ ಮಗಳ ಕಾಟಕ್ಕೆ ಕಲಿತ. ಸ್ವಿಟ್ಜರ್ಲೆಂಡಿನ ಹಳ್ಳಿಯೊಂದಕ್ಕೆ ಹೋಗಿ ಹತ್ತು ದಿನ ಸ್ಕೀ ಮಾಡಬೇಕೆನ್ನುವ ಮಾತು ಆಗಲೇ ಹುಟ್ಟಿದ್ದು.

ಮನೆಯಲ್ಲಿ ನಾಲ್ಕನೆಯವರಾಗಿ ಬದರಿಯ ತಾಯಿ ಶೈಲಮ್ಮ ಇದ್ದರು. ಮಾವ ತೀರಿಕೊಂಡ ಮೇಲೆ ಮೈಸೂರಿನಿಂದ ಬಂದು, ಗ್ರೀನ್ ಕಾರ್ಡ್ ಆಗಿ, ಆರು ವರ್ಷಗಳಿಂದ ಇವರ ಜೊತೆಗೇ ಇದ್ದವರು. ವಯಸ್ಸು ಎಪ್ಪತ್ಮೂರು. ಸೊಸೆಯನ್ನು ಒಂದು ದಿನವೂ ಎತ್ತರದ ದನಿಯಲ್ಲಿ ಮಾತನಾಡಿಸಿದವರಲ್ಲ. ಬೆಳಗ್ಗೆ ಆರೂವರೆಗೆ ಕಲಾ ಕೆಳಗಿಳಿದು ಬರುವಷ್ಟರಲ್ಲಿ ಕಾಫಿ ಇಟ್ಟಿರುತ್ತಿದ್ದರು, ತಾವೂ ಲೋಟ ಹಿಡಿದು ಎದುರಿಗೆ ಕೂರುತ್ತಿದ್ದರು. ದೂರಲು ಒಂದು ಕಾರಣವಾದರೂ ಇದ್ದಿದ್ದರೆ ಕಲಾಳಿಗೆ ಎಷ್ಟೋ ಸುಲಭವಾಗುತ್ತಿತ್ತು. ಈ ಆರು ವರ್ಷ ನಯಾಗರಾಕ್ಕೆ ಹೋಗಲಿ, ಒರ್ಲ್ಯಾಂಡೋಗೆ ಹೋಗಲಿ, ಶೈಲಮ್ಮನವರ ಮಂಡಿ, ಅವರ ಮಾತ್ರೆಯ ಹೊತ್ತು, ದಾರಿಯಲ್ಲಿ ಎಷ್ಟು ಸಲ ನಿಲ್ಲಿಸಬೇಕು ಎಂಬುದರ ಸುತ್ತಲೇ ಎಲ್ಲ ಪ್ಲ್ಯಾನ್ ನಡೆಯುತ್ತಿತ್ತು. ಈ ಒಂದು ಸಲ ಮೂರೇ ಜನ ಹೋಗಿಬರಬೇಕೆಂದು ಕಲಾಳ ಮನಸ್ಸು ಹಟ ಹಿಡಿದಿತ್ತು. ಆ ಆಸೆಯನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಮಾತ್ರ ನಾಚಿಕೆಯಾಗುತ್ತಿತ್ತು.

ಅವಳು ಆರಿಸಿದ ಹಳ್ಳಿಗೆ ಕಾರು ಹೋಗುವಂತಿರಲಿಲ್ಲ. ಬೆಟ್ಟ ಹತ್ತುವ ಪುಟ್ಟ ರೈಲಿನಲ್ಲೇ ಹೋಗಬೇಕು. ಬಿಸಿಲಿಗೆ ಕಪ್ಪಾದ ಮರದ ಮನೆಗಳು, ಒಂದು ಇಗರ್ಜಿ, ಒಂದು ಹಾಲಿನ ಡೈರಿ, ಏಳು ಕೋಣೆಗಳ ಒಂದು ವಸತಿಗೃಹ. ಅದನ್ನು ನಡೆಸುತ್ತಿದ್ದವಳು ರೆಗುಲಾ ಎಂಬ ಹೆಂಗಸು. ಫೆಬ್ರವರಿಯ ಸ್ಕೂಲ್ ರಜೆಗೆ ಹೊಂದುವ ಹಾಗೆ ನೆಲಮಹಡಿಯ ಕೋಣೆ ಸಿಗುವುದೇ ಎಂದು ಕಲಾ ಕೇಳಿದಳು. ಫೋಟೋದಲ್ಲಿ ಆ ಕೋಣೆಯಲ್ಲಿ ನಾಲ್ಕು ಮಂಚಗಳಿದ್ದವು, ಕಿಟಕಿ ತೆರೆದರೆ ಇಳಿಜಾರು ಕೈಗೆಟುಕುವಂತಿತ್ತು. ಆ ವಾರ ಬಾಸೆಲ್‌ನಿಂದ ವಯಸ್ಸಾದ ದಂಪತಿ ಬರುತ್ತಾರೆ, ಇಪ್ಪತ್ತು ವರ್ಷಗಳಿಂದ ಅವರಿಗೇ ಆ ಕೋಣೆ, ಬೇಕಾದರೆ ಅಟ್ಟದ ಎರಡು ಕೋಣೆಗಳು ಖಾಲಿ ಇವೆ, ಆದರೆ ಮೆಟ್ಟಿಲು ಏಣಿಯ ಹಾಗೆ ಕಡಿದು ಎಂದು ರೆಗುಲಾ ಉತ್ತರಿಸಿದಳು.

ಕಲಾ ಆ ಕಿಟಕಿಯ ಫೋಟೋವನ್ನು ಇನ್ನೊಂದು ಸಲ ನೋಡಿದಳು. ಆಮೇಲೆ ಬರೆದಳು: ನಮ್ಮ ಜೊತೆ ನನ್ನ ಅತ್ತೆ ಶೈಲಮ್ಮನವರು ಬರುತ್ತಿದ್ದಾರೆ. ಅವರಿಗೆ ಎಪ್ಪತ್ಮೂರು ವರ್ಷ. ಎರಡೂ ಮಂಡಿ ಸವೆದಿವೆ. ಹಿಮದ ಬೆಟ್ಟವನ್ನು ಒಮ್ಮೆ ಹತ್ತಿರದಿಂದ ನೋಡಬೇಕೆಂಬುದು ಅವರ ಆಸೆ.

ಅದನ್ನು ಬರೆಯುವಾಗ ಶೈಲಮ್ಮ ಅದೇ ಮೇಜಿನ ಆ ತುದಿಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದರು. "ಆಫೀಸ್ ಕೆಲಸಾನಾ? ಭಾನುವಾರಾನೂ ಬಿಡಲ್ವಲ್ಲ ನಿಂಗೆ," ಎಂದರು. ಕಲಾ "ಹೂಂ ಅತ್ತೆ," ಎಂದು ಕಳಿಸುವ ಗುಂಡಿ ಒತ್ತಿದಳು.

ಎರಡು ದಿನಕ್ಕೆ ಉತ್ತರ ಬಂತು. ಬಾಸೆಲ್‌ನವರಿಗೆ ವಿಷಯ ಹೇಳಿದೆ, ಎರಡು ವಾರ ತಡವಾಗಿ ಬರಲು ಅವರು ಒಪ್ಪಿದ್ದಾರೆ, ಕೋಣೆಯನ್ನು ಶೈಲಮ್ಮ ಅವರ ಹೆಸರಿಗೆ ಬರೆದಿದ್ದೇನೆ ಎಂದಿತ್ತು. ಜೊತೆಗೆ ಬುಕಿಂಗ್ ಪತ್ರ. ಅದರಲ್ಲಿ ಮೊದಲ ಹೆಸರೇ ಶೈಲಮ್ಮನವರದು.

ಬದರಿಗೆ ತೋರಿಸಿದಾಗ ಅವನು ಮೊದಲು ನಕ್ಕ. ಆಮೇಲೆ ಕೇಳಿದ.

"ಅಮ್ಮನಿಗೆ ಯಾವಾಗ ಹೇಳ್ತೀಯ, ನಾವು ಹೋಗ್ತಿದೀವಿ ಅಂತ?"

"ನಿಮ್ಮಮ್ಮ ಕಣೋ ಅವ್ರು. ನೀನೇ ಹೇಳು."

ಇಬ್ಬರೂ ಹೇಳಲಿಲ್ಲ. ದೀಪಾವಳಿ ಆಗಲಿ, ಆಮೇಲೆ ಹೇಳೋಣ ಎಂದುಕೊಂಡರು. ಆ ಹತ್ತು ದಿನ ಶೈಲಮ್ಮನವರನ್ನು ಮಾನ್ಮತ್ ಜಂಕ್ಷನ್‌ನ ಭಾನುಮತಿಯ ಮನೆಯಲ್ಲಿ ಬಿಡುವುದೆಂದು ಮಾತಾಯಿತು. ಭಾನುಮತಿ ಕಲಾಳ ಹಳೆಯ ಗೆಳತಿ. ಅವಳ ಮನೆಯಲ್ಲಿ ಪ್ರತಿ ಶನಿವಾರ ಭಜನೆ ನಡೆಯುತ್ತಿತ್ತು, ಶೈಲಮ್ಮ ಅಲ್ಲಿಗೆ ಹೋಗಿಬಂದು ಮಾಡುತ್ತಿದ್ದರು. ಭಾನುಮತಿ ಖುಷಿಯಿಂದಲೇ ಒಪ್ಪಿಕೊಂಡಳು.

ವಿಷಯ ಅಲ್ಲಿಗೇ ನಿಂತಿದ್ದರೆ ಕಲಾ ಬಹುಶಃ ಮರೆತುಬಿಡುತ್ತಿದ್ದಳು. ಆದರೆ ರೆಗುಲಾ ಬಿಡಲಿಲ್ಲ. ನಿಮ್ಮ ಅತ್ತೆ ಏನು ತಿನ್ನುತ್ತಾರೆ? ರಾತ್ರಿ ಕಾಲು ಜೋಮು ಹಿಡಿಯುತ್ತದೆಯೇ? ಸ್ಟೇಷನ್ನಿನಿಂದ ಮನೆಯವರೆಗೆ ನಡೆಯುವುದು ಬೇಡ, ಪಕ್ಕದ ಮನೆಯವನ ಬಳಿ ಕುದುರೆ ಎಳೆಯುವ ಹಿಮಬಂಡಿ ಇದೆ, ಹೇಳಿಟ್ಟಿದ್ದೇನೆ. ಹೀಗೆ ಎರಡು ಮೂರು ವಾರಕ್ಕೊಂದು ಇಮೇಲ್ ಬರುತ್ತಿತ್ತು. ತನ್ನ ತಾಯಿಗೂ ಮಂಡಿ ನೋವಿತ್ತು, ಕೊನೆಯ ಐದು ಚಳಿಗಾಲ ಮೇಲಿನ ಕೋಣೆಯಿಂದ ಇಳಿಯಲಾಗದೆ ಕಿಟಕಿಯಲ್ಲೇ ಕಳೆದಳು, ಅದಕ್ಕೇ ಕೆಳಗೊಂದು ಕೋಣೆ ಕಟ್ಟಿಸಿದೆ ಎಂದು ಒಮ್ಮೆ ಬರೆದಳು.

ಉತ್ತರ ಬರೆಯದೆ ಕಲಾಳಿಗೆ ದಾರಿಯಿರಲಿಲ್ಲ. ಬರೆದದ್ದೆಲ್ಲ ನಿಜವೇ. ಮೊಟ್ಟೆ ತಿನ್ನುವುದಿಲ್ಲ. ಕಾಫಿಗೆ ಹಾಲು ಜಾಸ್ತಿ ಬೇಕು. ಮೇಲೋಗರಕ್ಕೆ ಒಗ್ಗರಣೆ ಹಾಕುವಾಗ ಏನಾದರೂ ಗುನುಗುತ್ತಾರೆ, ಯಾರಾದರೂ ಬಂದರೆ ನಿಲ್ಲಿಸಿಬಿಡುತ್ತಾರೆ. ಇದನ್ನೆಲ್ಲ ತಾನು ಯಾವಾಗ ಗಮನಿಸಿದ್ದೆ ಎಂದು ಬರೆಯುವಾಗಲೇ ಅವಳಿಗೆ ಆಶ್ಚರ್ಯವಾಗುತ್ತಿತ್ತು. ಇಮೇಲ್ ಕಳಿಸಿ ಅಡುಗೆಮನೆಗೆ ಹೋದರೆ ಶೈಲಮ್ಮನವರ ಮುಖ ನೋಡಲಾಗುತ್ತಿರಲಿಲ್ಲ.

ಥ್ಯಾಂಕ್ಸ್‌ಗಿವಿಂಗ್‌ಗೆ ಒಂದು ವಾರ ಇರುವಾಗ ಕಲಾ ಸಂಜೆ ಆಫೀಸಿನಿಂದ ಬಂದಳು. ಶೈಲಮ್ಮ ಸೋಫಾದಲ್ಲಿ ಕೂತು ಕಾಲು ಚಾಚಿಕೊಂಡಿದ್ದರು. ಕಾಲಿಗೆ ದಪ್ಪ ಉಣ್ಣೆಯ ಕಾಲುಚೀಲ, ಬೂದು ಬಣ್ಣ, ಅಂಚಿಗೆ ಕೆಂಪು ಪಟ್ಟಿ. ಮೇಜಿನ ಮೇಲೆ ಒಡೆದ ಪಾರ್ಸೆಲ್. ಹನ್ನೆರಡು ವರ್ಷದ ಸಿರಿ ಪಕ್ಕದಲ್ಲಿ ಒಂದು ಕಾಗದ ಹಿಡಿದು ಕೂತಿದ್ದಳು. ಬಂದ ಡಬ್ಬಿಯ ಮೇಲೆ ಅಜ್ಜಿಯ ಹೆಸರಿತ್ತು, ಅಜ್ಜಿ ಬಿಚ್ಚಿದ್ದರು, ಮೊಮ್ಮಗಳು ಓದಿ ಹೇಳಿದ್ದಳು. 'ಪ್ರಿಯ ಶೈಲಮ್ಮ, ಫೆಬ್ರವರಿಯಲ್ಲಿ ನಿಮಗಾಗಿ ಕಾಯುತ್ತಿರುತ್ತೇನೆ. ನಿಮ್ಮ ಕೋಣೆ ಒಲೆಗೆ ಹತ್ತಿರವಿದೆ. ಇದನ್ನು ನಾನೇ ಹೆಣೆದೆ.'

"ಅಜ್ಜಿ, ಶಿ ಮೇಡ್ ದೀಸ್ ಫಾರ್ ಯು!" ಎಂದು ಸಿರಿ ಇನ್ನೊಮ್ಮೆ ಹೇಳಿದಳು.

ಶೈಲಮ್ಮ ಸೊಸೆಯನ್ನು ನೋಡಿ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು. "ನಂಗೆ ಒಂದು ಮಾತೂ ಹೇಳ್ದೆ ಇಷ್ಟೆಲ್ಲ ಮಾಡಿದೀಯಲ್ಲೇ! ನಾನು ಅನ್ಕೋತಿದ್ದೆ, ನೀವುಗಳು ಜಾರಾಡೋಕೆ ಹೋಗೋ ಕಡೆ ಈ ಕುಂಟೀನ ಯಾರು ಕರ್ಕೊಂಡು ಹೋಗ್ತಾರೆ ಅಂತ. ಬದರಿಗೂ ಹೇಳ್ಬೇಡ ಅಂದಿದ್ಯೇನೆ?"

ಹೇಳಬೇಕಾದ ಮಾತಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲವೆಂದು ಕಲಾಳಿಗೆ ಗೊತ್ತಿತ್ತು. "ಸರ್ಪ್ರೈಸ್ ಇರ್ಲಿ ಅಂತ, ಅತ್ತೆ," ಎಂದಳು.

ಆ ಸಂಜೆ ಮಹಡಿಯ ಮೆಟ್ಟಿಲ ಮೇಲೆ ಸಿರಿ ಅಮ್ಮನನ್ನು ತಡೆದು ನಿಲ್ಲಿಸಿದಳು. "ಮಾಮ್, ಐ ಥಾಟ್ ಅಜ್ಜಿ ವಾಸ್ ಸ್ಟೇಯಿಂಗ್ ವಿತ್ ಭಾನು ಆಂಟಿ."

"ಪ್ಲ್ಯಾನ್ ಚೇಂಜ್ ಆಯ್ತು ಪುಟ್ಟಾ."

"ಓಕೆ," ಎಂದಳು ಹುಡುಗಿ. ಅಮ್ಮನ ಮುಖವನ್ನು ಇನ್ನಷ್ಟು ಹೊತ್ತು ನೋಡಿ, ಕೋಣೆಗೆ ಹೋದಳು.

ಇನ್ನು ಸುಳ್ಳನ್ನು ನಿಜ ಮಾಡುವುದೊಂದೇ ಉಳಿದದ್ದು. ಕಲಾ ಆ ಕೆಲಸಕ್ಕೆ ಬಿದ್ದಳು. ಡಾಕ್ಟರ ಬಳಿ ಕರೆದುಕೊಂಡು ಹೋಗಿ ಎತ್ತರದ ಜಾಗಕ್ಕೆ ತೊಂದರೆಯಿಲ್ಲವೆಂದು ಬರೆಸಿಕೊಂಡಳು. ಅದೇ ವಿಮಾನದಲ್ಲಿ ನಾಲ್ಕನೇ ಟಿಕೆಟ್ ಕೊಂಡಳು. ಶೈಲಮ್ಮನವರದು ಇಂಡಿಯಾದ ಪಾಸ್‌ಪೋರ್ಟ್, ವೀಸಾ ಬೇಕು. ನ್ಯೂಯಾರ್ಕಿನಲ್ಲಿ ಡಿಸೆಂಬರ್ ನಡುವಿಗೆ ಒಂದು ಅಪಾಯಿಂಟ್‌ಮೆಂಟ್ ಸಿಕ್ಕಿತು. ಇಷ್ಟೆಲ್ಲ ಓಡಾಡಿದರೂ ಎದೆಯ ಭಾರ ಇಳಿಯಲಿಲ್ಲ. ಇಳಿಯುವುದಿರಲಿ, ಶೈಲಮ್ಮ ಸಿಕ್ಕಸಿಕ್ಕವರಿಗೆಲ್ಲ ಸೊಸೆಯ ಗುಣಗಾನ ಮಾಡತೊಡಗಿದ್ದರು. ಮೈಸೂರಿನ ತಂಗಿಗೆ ವಿಡಿಯೋ ಕಾಲಿನಲ್ಲಿ ಕಾಲುಚೀಲ ತೋರಿಸಿದರು. ಭಾನುಮತಿಗೆ ಫೋನ್ ಮಾಡಿ ಅರ್ಧ ಗಂಟೆ ಹೇಳಿದರು. ಭಾನುಮತಿ ಪಾಪ, "ಹೌದಾ ಆಂಟಿ! ನಂಗೆ ಗೊತ್ತೇ ಇರ್ಲಿಲ್ಲ," ಎಂದು ಕೇಳಿಸಿಕೊಂಡು, ಆಮೇಲೆ ಕಲಾಳಿಗೆ "ಏನೇ ಇದು?" ಎಂದು ಒಂದೇ ಸಾಲಿನ ಮೆಸೇಜ್ ಕಳಿಸಿದಳು.

ಇಂಡಿಯಾದವರ ಅಂಗಡಿಗಳಿರುವ ಐಸೆಲಿನ್‌ಗೆ ದಿನಸಿಗೆ ಹೋದಾಗಂತೂ ಕಲಾ ತಳ್ಳುಗಾಡಿ ಹಿಡಿದು ತೊಗರಿಬೇಳೆಯ ಸಾಲಿನ ಮುಂದೆ ಕಲ್ಲಿನಂತೆ ನಿಂತಿದ್ದಳು. ಶೈಲಮ್ಮ ಯಾರೋ ಪರಿಚಯದ ಹೆಂಗಸಿಗೆ ಹೇಳುತ್ತಿದ್ದರು, "ಹೆತ್ತ ಮಗನಿಗೆ ಹೊಳೀಲಿಲ್ಲ ಕಣ್ರೀ. ಇವಳಿಗೆ ಹೊಳೀತು. ಮಂಡಿಗೆ ಕಷ್ಟ ಆಗ್ಬಾರ್ದು ಅಂತ ಕೆಳಗಿನ ರೂಮೇ ಹಿಡಿಸಿದಾಳೆ." ಆ ಹೆಂಗಸು ಕಲಾಳ ಬೆನ್ನು ತಟ್ಟಿದಳು. "ಇಂಥ ಸೊಸೆ ಸಿಗ್ಬೇಕಲ್ಲಮ್ಮ."

ವೀಸಾಕ್ಕೆ ಹೋಗುವ ದಿನ ಬದರಿಗೆ ಆಫೀಸಿನಲ್ಲಿ ಬಿಡುವಿರಲಿಲ್ಲ. ಅತ್ತೆ ಸೊಸೆ ಇಬ್ಬರೇ ರೈಲಿನಲ್ಲಿ ಹೋದರು. ಶೈಲಮ್ಮ ರೇಷ್ಮೆ ಸೀರೆ ಉಟ್ಟು, ಮೇಲೆ ಕೋಟು ತೊಟ್ಟು, ಚಿತ್ರಾನ್ನದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಿದ್ದರು. ವೀಸಾ ಕಚೇರಿಯ ಕಿಟಕಿಯಲ್ಲಿದ್ದ ಹುಡುಗಿ ಕಾಗದಗಳನ್ನು ಒಂದೊಂದಾಗಿ ತಿರುವಿದಳು. ರೆಗುಲಾಳ ಬುಕಿಂಗ್ ಪತ್ರ ಬಂದಾಗ ತಾರೀಖಿನ ಮೇಲೆ ಬೆರಳಿಟ್ಟು, ಆಗಸ್ಟ್‌ನಲ್ಲೇ ಕಾದಿರಿಸಿದ್ದೀರಲ್ಲ, ಒಳ್ಳೆಯದಾಯಿತು, ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು.

"ಏನಂದ್ಳು?" ಶೈಲಮ್ಮ ಕೇಳಿದರು.

"ರೂಮು ಆಗಸ್ಟ್‌ನಲ್ಲೇ ಬುಕ್ ಆಗಿದೆ ಅಂತ."

ಶೈಲಮ್ಮ ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದರು. ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಓದುವಷ್ಟು ಅವರಿಗೆ ಬರುತ್ತಿತ್ತು. "ಮೊದಲ್ನೇದು ನನ್ನ ಹೆಸರೇ," ಎಂದರು ಮೆಲ್ಲಗೆ. "ಆಗಸ್ಟಿಂದ ಮನಸ್ಸಲ್ಲಿ ಇಟ್ಕೊಂಡಿದೀಯ." ಅಷ್ಟು ಜನರ ಮುಂದೆ ಕಲಾಳ ಕೆನ್ನೆ ಸವರಿದರು.

ಹಿಂದಿರುಗುವಾಗ ನ್ಯೂವರ್ಕ್ ಎಂಬ ನಡುವಿನ ಸ್ಟೇಷನ್ನಿನಲ್ಲಿ ರೈಲು ಬದಲಾಯಿಸಬೇಕಿತ್ತು. ಮುಂದಿನ ರೈಲಿಗೆ ನಲವತ್ತು ನಿಮಿಷ ಇತ್ತು. ಪ್ಲ್ಯಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ಶೈಲಮ್ಮ ಡಬ್ಬಿ ತೆರೆದು, ಮುಚ್ಚಳಕ್ಕೆ ಚಿತ್ರಾನ್ನ ಬಡಿಸಿ, ಮೊದಲು ಸೊಸೆಯ ಕೈಗೆ ಕೊಟ್ಟರು. ಕಲಾ ಅದನ್ನು ಹಿಡಿದುಕೊಂಡೇ ಕೂತಳು.

"ತಿನ್ನೇ, ತಣ್ಣಗಾಗುತ್ತೆ."

"ಅತ್ತೆ, ಆ ರೂಮು ನಿಮಗೆ ಅಂತ ಬುಕ್ ಮಾಡಿದ್ದಲ್ಲ."

ಶೈಲಮ್ಮ ಅರ್ಥವಾಗದೆ ನೋಡಿದರು. ಕಲಾ ತಲೆ ತಗ್ಗಿಸಿ ಎಲ್ಲ ಹೇಳಿದಳು. ಕಿಟಕಿ ಚೆನ್ನಾಗಿತ್ತು ಎಂದದ್ದು, ಕೋಣೆ ಸಿಗಲಿ ಎಂದು ಅವರ ಮಂಡಿಯ ಹೆಸರು ಹೇಳಿ ಬರೆದದ್ದು, ಬಾಸೆಲ್‌ನ ದಂಪತಿಯನ್ನು ಏಳಿಸಿದ್ದು, ಪಾರ್ಸೆಲ್ ಬಂದ ದಿನ ಬಾಯಿ ಬಾರದೆ ಹೋದದ್ದು. ಆಚೆಯ ಹಳಿಯ ಮೇಲೆ ಒಂದು ರೈಲು ಬಂದು ಹೋಯಿತು. ಅದರ ಸದ್ದು ನಿಂತ ಮೇಲೆ ಶೈಲಮ್ಮ ಕೇಳಿದರು.

"ಅಂದ್ರೆ, ನನ್ನ ಎಲ್ಲಿ ಬಿಡೋಣ ಅಂತ ಇದ್ರಿ?"

"ಭಾನುಮತಿ ಮನೇಲಿ."

"ಅವಳಿಗೆ ಹೇಳಿದ್ರಾ?"

"ಹೂಂ."

ಶೈಲಮ್ಮನವರ ಮುಖದ ಬಣ್ಣ ಬದಲಾದದ್ದು ಆಗ. "ನಾನು ಅವಳಿಗೆ ಫೋನ್ ಮಾಡಿ ಅರ್ಧ ಗಂಟೆ ಹೇಳ್ದೆ. ಎಲ್ಲ ಗೊತ್ತಿದ್ದೂ ಅವಳು ಹೂಂಗುಟ್ಟಿದ್ಲು, ಅಲ್ವಾ?" ಕಲಾ ತಲೆಯಾಡಿಸಿದಳು. "ಬದರಿಗೆ?"

"ಗೊತ್ತಿತ್ತು. ಆದ್ರೆ ಬರ್ದಿದ್ದು ನಾನು."

"ಮಗುಗೆ?"

"ಅವಳಿಗೂ."

"ಅಂದ್ರೆ ನಾನೊಬ್ಳೇ," ಎಂದರು ಶೈಲಮ್ಮ. ಸೊಸೆಯ ಕೈಯಿಂದ ಮುಚ್ಚಳ ತೆಗೆದುಕೊಂಡು, ಅನ್ನವನ್ನು ಡಬ್ಬಿಗೆ ಸುರಿದು, ಗಟ್ಟಿಯಾಗಿ ಮುಚ್ಚಿ ಚೀಲದೊಳಗಿಟ್ಟರು.

ಮರುದಿನ ಬೆಳಗ್ಗೆಯೂ ಆರೂವರೆಗೆ ಕಾಫಿ ಇತ್ತು. ಆದರೆ ಒಂದೇ ಲೋಟ. ಶೈಲಮ್ಮ ತಮ್ಮ ಕೋಣೆಯಲ್ಲಿದ್ದರು. ಹೀಗೆ ಹನ್ನೆರಡು ದಿನ ನಡೆಯಿತು. ಅಡುಗೆಯಾಗುತ್ತಿತ್ತು, ಮಾತೂ ಆಡುತ್ತಿದ್ದರು: ಹಾಲು ಮುಗಿದಿದೆ, ಸಿರಿಗೆ ಕೆಮ್ಮು, ಗ್ಯಾಸಿನವನು ಬಂದಿದ್ದ. ಬದರಿ ಒಮ್ಮೆ ತಾಯಿಯ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಅರ್ಧ ಗಂಟೆ ಇದ್ದು, ಕೆಂಪು ಕಣ್ಣಿನೊಂದಿಗೆ ಹೊರಬಂದ. ಆಫೀಸಿನಲ್ಲಿ ಅವಳು ಬೇರೆಯವರ ವರದಿಯಲ್ಲಿ ತಪ್ಪು ಹುಡುಕಲು ಕೂತರೆ ಅಕ್ಷರಗಳು ಕಣ್ಣಿಗೆ ನಾಟುತ್ತಿರಲಿಲ್ಲ. ಕಾರ್ಡು ಬರೆಯುವ ಅಪ್ಪನ ಬೆರಳುಗಳು ನೆನಪಾಗುತ್ತಿದ್ದವು. ಬರೆಸಲು ಬಂದವರು ಕಷ್ಟವನ್ನು ಇದ್ದದ್ದಕ್ಕಿಂತ ಹೆಚ್ಚಿಸಿ ಹೇಳಿದರೆ ಅಪ್ಪ ಪೆನ್ನು ಎತ್ತಿ, "ಆಗಿದ್ದಷ್ಟೇ ಹೇಳಪ್ಪ," ಎನ್ನುತ್ತಿದ್ದರು.

ಪಾಸ್‌ಪೋರ್ಟು ವೀಸಾದೊಂದಿಗೆ ಅಂಚೆಯಲ್ಲಿ ಬಂತು. ಕಲಾ ಅದನ್ನು ತಂದು ಶೈಲಮ್ಮನವರ ಮುಂದಿಟ್ಟು, "ನಿಮಗೆ ಇಷ್ಟ ಇಲ್ದಿದ್ರೆ ಯಾರೂ ಹೋಗೋದು ಬೇಡ ಅತ್ತೆ. ಕ್ಯಾನ್ಸಲ್ ಮಾಡ್ತೀನಿ," ಎಂದಳು.

ಶೈಲಮ್ಮ ಪಾಸ್‌ಪೋರ್ಟು ತೆರೆದು ವೀಸಾದಲ್ಲಿನ ತಮ್ಮ ಚಿತ್ರವನ್ನು ನೋಡಿದರು. "ನಾನು ಬರ್ತೀನಿ," ಎಂದರು. "ನಿನಗೋಸ್ಕರ ಅಲ್ಲ, ಬದರಿಗೋಸ್ಕರಾನೂ ಅಲ್ಲ. ಆ ಹೆಂಗಸು ನನ್ನ ಮುಖ ನೋಡ್ದೆ ಕೂತು ಹೆಣೆದು ಕಳ್ಸಿದಾಳೆ. ಅವಳನ್ನ ನಾನು ಮಾತಾಡಿಸ್ಬೇಕು. ಆದ್ರೆ ಮೊದಲು ನೀನು ಅವಳಿಗೆ ನಿಜ ಬರಿ."

"ಈಗ ನೀವು ನಿಜವಾಗ್ಲೂ ಬರ್ತಿದೀರಲ್ಲ ಅತ್ತೆ. ಈಗ ಸುಳ್ಳೆಲ್ಲಿದೆ?"

"ಬರೆದಾಗ ಇತ್ತಲ್ಲ."

ಎಷ್ಟೋ ಜನರಿಗೆ ಪತ್ರ ಬರೆದುಕೊಟ್ಟ ಕಲಾಳಿಗೆ ಆ ಒಂದು ಇಮೇಲ್ ಬರೆಯಲು ಎರಡು ಸಂಜೆ ಹಿಡಿಯಿತು. ಚೆಂದ ಮಾಡಲು ಹೋದಲ್ಲೆಲ್ಲ ಹಸಿ ನೆಪದ ಹಾಗೆ ಕಾಣುತ್ತಿತ್ತು. ಕೊನೆಗೆ ಏಳು ಸಾಲು ಉಳಿಯಿತು, ಕಳಿಸಿದಳು. ನಾಲ್ಕು ದಿನ ಉತ್ತರವಿಲ್ಲ. ಐದನೇ ದಿನ ಬಂದದ್ದು ಬಹಳ ಚಿಕ್ಕದು. ಕೆಳಗಿನ ಕೋಣೆ ಶೈಲಮ್ಮ ಮತ್ತು ಮಗುವಿಗೆ. ನಿಮಗೂ ನಿಮ್ಮ ಗಂಡನಿಗೂ ಅಟ್ಟದ ಕೋಣೆ. ಬಾಸೆಲ್‌ನವರು ಬೇರೆ ವಾರಕ್ಕೆ ರೈಲು ಟಿಕೆಟ್ ತೆಗೆದುಕೊಂಡಾಗಿದೆ, ಅವರಿಗೆ ನಾನು ಏನೂ ಹೇಳಿಲ್ಲ, ಹೇಳಬೇಕಾದವರು ನೀವು. ಕೆಳಗೆ ಅವರ ವಿಳಾಸ.

ಕಲಾ ಅವರಿಗೆ ಕಾಗದದ ಮೇಲೆ ಕೈಯಲ್ಲೇ ಬರೆದು ಅಂಚೆಗೆ ಹಾಕಿದಳು. ಜನವರಿ ಪೂರ್ತಿ ದಿನಾ ಅಂಚೆಪೆಟ್ಟಿಗೆ ತೆರೆದು ನೋಡಿದಳು. ಅಲ್ಲಿಂದ ಏನೂ ಬರಲಿಲ್ಲ.

ಹೊರಡಲು ಎರಡು ವಾರ ಇರುವಾಗ ಒಂದು ಶನಿವಾರ ಬೆಳಗ್ಗೆ ಅವಳು ತೆಗೆದುಕೊಂಡು ಹೋಗುವ ಸಾಮಾನುಗಳ ಪಟ್ಟಿ ಹಿಡಿದು ಶೈಲಮ್ಮನವರ ಕೋಣೆಯ ಬಾಗಿಲಿಗೆ ಬಂದಳು. ಒಳಗೆ ಮಂಚದ ಮೇಲೆ ಅಜ್ಜಿ, ಮೊಮ್ಮಗಳು. ಸಿರಿಯ ತೊಡೆಯ ಮೇಲೆ ಲ್ಯಾಪ್‌ಟಾಪ್.

"ಅತ್ತೆ, ನಾವು ಬೆಟ್ಟದ ಮೇಲಿರೋವಾಗ ನೀವು ದಿನವೆಲ್ಲ ಏನು ಮಾಡ್ತೀರಿ ಅಂತ ಯೋಚ್ನೆ ಆಯ್ತು. ರೆಗುಲಾಗೆ ಬರೆದು ಕೇಳ್ಲಾ?"

"ಬೇಡ," ಎಂದರು ಶೈಲಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಸಿರಿ ಹತ್ರ ನಾನೇ ಬರೆಸ್ತಿದೀನಿ. ರೆಗುಲಾ ಅಡುಗೆಮನೇಲಿ ಒಂದಿನ ನಾನು ಬಿಸಿಬೇಳೆಬಾತ್ ಮಾಡ್ಬೋದಾ ಅಂತ ಕೇಳ್ತಿದೀವಿ. ಪುಡಿ ನಾನು ತರ್ತೀನಿ."

"ಹೌ ಡು ಯು ಸ್ಪೆಲ್ ದಟ್, ಅಜ್ಜಿ?" ಎಂದಳು ಸಿರಿ.

ಕಲಾಳ ನಾಲಿಗೆಯ ತುದಿಗೆ ಅಕ್ಷರಗಳು ಬಂದವು. ಅವಳು ಹೇಳಲಿಲ್ಲ. ಅಜ್ಜಿ ಒಂದೊಂದೇ ಅಕ್ಷರ ಯೋಚಿಸಿ ಹೇಳುವುದನ್ನು, ಮೊಮ್ಮಗಳು ತಪ್ಪಾಗಿ ಒತ್ತಿ ಅಳಿಸಿ ನಗುವುದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದು, ಪಟ್ಟಿಯನ್ನು ಮಡಿಸಿಕೊಂಡು ಅಡುಗೆಮನೆಗೆ ಹೋದಳು.